ಕೀಹೋಲ್ ಎದೆ ಆಪರೇಷನ್‌ನಲ್ಲಿ ಗ್ಯಾಸ್: ಹೃದಯ, ಶ್ವಾಸಕೋಶ ಕಾಪಾಡಲು ಹಂತ ಹಂತದ ಮಾರ್ಗದರ್ಶಿ

ಎದೆಯ ಕೀಹೋಲ್ (ಚಿಕ್ಕ ತೂತುಗಳ ಮೂಲಕ ಮಾಡುವ) ಆಪರೇಷನ್‌ನಲ್ಲಿ ಶ್ವಾಸಕೋಶವನ್ನು ಕುಗ್ಗಿಸಿ ಜಾಗ ಮಾಡಲು ತುಂಬುವ ಕಾರ್ಬನ್ ಡೈ ಆಕ್ಸೈಡ್ ಗ್ಯಾಸ್ ಆನ್ ಆದ ಮೇಲೆ ಮೊದಲ ಎರಡು ನಿಮಿಷ ತುಂಬಾ ಮುಖ್ಯ. ಬಿಪಿ ಬೀಳುವುದಿದ್ದರೆ ಹೆಚ್ಚಾಗಿ ಆಗಲೇ ಬೀಳುತ್ತದೆ. ಆ ಎರಡು ನಿಮಿಷಕ್ಕೆ ಹೇಗೆ ತಯಾರಾಗಬೇಕು, ಏನಾದರೂ ಕೆಟ್ಟರೆ ಮೊದಲು ಕೈ ಎಲ್ಲಿಗೆ ಹೋಗಬೇಕು ಎಂದು ಇಲ್ಲಿ ಬರೆದಿದ್ದೇನೆ.

ದಾವಣಗೆರೆ, ಚಿತ್ರದುರ್ಗದ ಓಟಿಗಳಲ್ಲಿ ಕೆಲಸ ಮಾಡುವ ಟೆಕ್ನಿಷಿಯನ್‌ಗಳು, ಸ್ಟಾಫ್ ನರ್ಸ್‌ಗಳು, ಅರಿವಳಿಕೆ ಕಲಿಯುತ್ತಿರುವ ಪಿಜಿ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಓದುವುದು ಇಂಗ್ಲಿಷ್‌ನಲ್ಲಾದರೂ ಓಟಿಯೊಳಗೆ ಅವಸರದಲ್ಲಿ ನಾವು ಮಾತಾಡುವುದು ಕನ್ನಡದಲ್ಲೇ ಅಲ್ವಾ? ರೋಗಿಯ ಮನೆಯವರಿಗೂ ಕೊನೆಯಲ್ಲಿ ಒಂದು ಭಾಗ ಇದೆ. ಇಲ್ಲಿರುವ ಅಂಕಿಗಳು ವಯಸ್ಕರಿಗೆ ಸಾಮಾನ್ಯವಾಗಿ ಬಳಸುವಂಥವು. ಎದುರಿಗಿರುವ ರೋಗಿಗೆ ಎಷ್ಟು ಎಂಬುದನ್ನು ಅಲ್ಲಿರುವ ಸರ್ಜನ್ ಮತ್ತು ಅರಿವಳಿಕೆ ವೈದ್ಯರು ಸೇರಿ ತೀರ್ಮಾನಿಸಬೇಕು.

ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು

ಪಿತ್ತಕೋಶದ ಲ್ಯಾಪ್ರೋಸ್ಕೋಪಿ (ಹೊಟ್ಟೆಯ ಕೀಹೋಲ್ ಆಪರೇಷನ್) ನೋಡಿದವರಿಗೆ ಗ್ಯಾಸ್ ಹೊಸದಲ್ಲ. ಅಲ್ಲಿ 12ರಿಂದ 15 ಮಿ.ಮೀ. (ಬಿಪಿ ಅಳೆಯುವಂತೆ ಪಾದರಸದ ಮಿ.ಮೀ.) ಒತ್ತಡ ಇಡುತ್ತಾರೆ. ಹೊಟ್ಟೆ ಬಲೂನಿನ ಹಾಗೆ ಹಿಗ್ಗುತ್ತದೆ, ಒತ್ತಡದ ಒಂದು ಪಾಲನ್ನು ಅದೇ ನುಂಗಿಕೊಳ್ಳುತ್ತದೆ. ಎದೆಗೂಡು ಪಕ್ಕೆಲುಬಿನದ್ದು. ಅದು ಅಷ್ಟು ಹಿಗ್ಗಲ್ಲ. ಒಳಗೆ ಹೋದ ಒತ್ತಡ ನೇರವಾಗಿ ಶ್ವಾಸಕೋಶ, ಹೃದಯ ಮತ್ತು ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳಗಳ ಮೇಲೆ ಕೂರುತ್ತದೆ.

ಲೆಕ್ಕ ನೋಡಿ. ನಾವು ಸುಮ್ನೆ ಉಸಿರಾಡುತ್ತಿರುವಾಗ ಶ್ವಾಸಕೋಶದ ಸುತ್ತಲಿನ ಜಾಗದಲ್ಲಿ ಒತ್ತಡ ಸೊನ್ನೆಗಿಂತ ಕೆಳಗಿರುತ್ತದೆ, ಸುಮಾರು ಮೈನಸ್ 4 ಮಿ.ಮೀ. ಹೃದಯದ ಬಲ ಮೇಲ್ಕೋಣೆಯ ಒತ್ತಡ 2ರಿಂದ 6 ಮಿ.ಮೀ. ಅಷ್ಟೇ. ಮೈಯ ರಕ್ತವೆಲ್ಲ ಹೃದಯಕ್ಕೆ ವಾಪಸು ಬರುವುದು ಇಷ್ಟು ಸಣ್ಣ ವ್ಯತ್ಯಾಸದ ಬಲದಿಂದ. ಅಲ್ಲಿ ನಾವು ಪ್ಲಸ್ 8 ಮಿ.ಮೀ. ಗ್ಯಾಸ್ ತುಂಬಿದರೆ ಒಟ್ಟು 12 ಮಿ.ಮೀ. ಬದಲಾವಣೆ ಆಯಿತು. ತೆಳು ಗೋಡೆಯ ವೀನಾ ಕಾವಾ (ಹೃದಯಕ್ಕೆ ರಕ್ತ ತರುವ ದೊಡ್ಡ ರಕ್ತನಾಳ) ಅಮುಕಿಕೊಳ್ಳುತ್ತದೆ, ಹೃದಯಕ್ಕೆ ಬರುವ ರಕ್ತ ಕಡಿಮೆಯಾಗುತ್ತದೆ, ಬಿಪಿ ಇಳಿಯುತ್ತದೆ. ಬಲಗಡೆ ಆಪರೇಷನ್ ಆದಾಗ ಈ ವೀನಾ ಕಾವಾ ಮತ್ತು ಬಲ ಮೇಲ್ಕೋಣೆ ಗ್ಯಾಸಿನ ಪಕ್ಕದಲ್ಲೇ ಇರುತ್ತವೆ. ಆಗ ಇನ್ನೂ ಎಚ್ಚರ ಬೇಕು.

ಎರಡನೆಯ ತೊಂದರೆ ಗ್ಯಾಸಿನದ್ದೇ. ಕಾರ್ಬನ್ ಡೈ ಆಕ್ಸೈಡ್ ಆರಿಸಿಕೊಂಡಿರುವುದಕ್ಕೆ ಒಳ್ಳೆಯ ಕಾರಣಗಳಿವೆ. ಕಾಟರಿ (ರಕ್ತನಾಳ ಸುಟ್ಟು ಮುಚ್ಚುವ ವಿದ್ಯುತ್ ಉಪಕರಣ) ಕಿಡಿಗೆ ಅದು ಹೊತ್ತಿಕೊಳ್ಳುವುದಿಲ್ಲ. ರಕ್ತದಲ್ಲಿ ಬೇಗ ಕರಗುತ್ತದೆ, ಹಾಗಾಗಿ ಗುಳ್ಳೆ ರಕ್ತನಾಳಕ್ಕೆ ನುಗ್ಗಿದರೂ ಗಾಳಿಯಷ್ಟು ಹೊತ್ತು ಉಳಿಯುವುದಿಲ್ಲ. ಆದರೆ ಕರಗಿದ್ದನ್ನು ಹೊರಗೆ ಹಾಕಬೇಕಾದದ್ದು ಶ್ವಾಸಕೋಶ, ಮತ್ತು ಅದೇ ಹೊತ್ತಿಗೆ ನಾವು ಒಂದು ಶ್ವಾಸಕೋಶವನ್ನು ಮಡಚಿಟ್ಟಿದ್ದೇವೆ. ರಕ್ತದಲ್ಲಿ ಈ ಗ್ಯಾಸ್ ಏರಿದರೆ ಹೃದಯ ಬಡಿತ ಹೆಚ್ಚುತ್ತದೆ, ಲಯ ತಪ್ಪಬಹುದು. ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡು ಬಲ ಹೃದಯಕ್ಕೆ ಭಾರ ಬೀಳುತ್ತದೆ.

ಎದೆಯೊಳಗೆ ಗಾಳಿ ಬಿಡುವುದು ನೂರು ವರ್ಷಕ್ಕೂ ಹಳೆಯ ವಿದ್ಯೆ. ಕ್ಷಯಕ್ಕೆ ಮಾತ್ರೆಗಳೇ ಇಲ್ಲದ ಕಾಲದಲ್ಲಿ ಇಟಲಿಯ ಕಾರ್ಲೊ ಫೊರ್ಲನಿನಿ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡಲು ಅದರ ಸುತ್ತ ಗ್ಯಾಸ್ ತುಂಬಿ ಮಡಚುತ್ತಿದ್ದರು. 1910ರಲ್ಲಿ ಸ್ಟಾಕ್‌ಹೋಮ್‌ನ ಹ್ಯಾನ್ಸ್ ಕ್ರಿಶ್ಚಿಯನ್ ಜಾಕೋಬಿಯಸ್ ಎದೆಯೊಳಗೆ ಸಿಸ್ಟೋಸ್ಕೋಪ್ (ಮೂತ್ರಕೋಶ ನೋಡುವ ಕೊಳವೆ) ಇಳಿಸಿ ನೋಡಿದ ಬಗ್ಗೆ ಬರೆದರು. ಇಂದಿನ ಕೀಹೋಲ್ ಎದೆ ಆಪರೇಷನ್‌ನ ಬೇರು ಅಲ್ಲಿದೆ. ಈಗ ಹೊಸದಾಗಿ ಸೇರಿದ್ದು ಗ್ಯಾಸನ್ನು ಒತ್ತಡದಲ್ಲಿ ಬಿಡುತ್ತಲೇ ಇರುವ ಮೆಷಿನ್. ನಾನು ಹೇಳಬೇಕಾದ ಮುಖ್ಯ ಮಾತೂ ಇದರ ಬಗ್ಗೆಯೇ: ಈ ಗ್ಯಾಸ್‌ಗೂ ಡೋಸ್ ಇದೆ. ಇಂಜೆಕ್ಷನ್ ಕೊಡುವಾಗ ಎಷ್ಟು, ಎಷ್ಟು ವೇಗದಲ್ಲಿ ಎಂದು ಕೇಳಿ, ಬರೆದು, ನೋಡಿಕೊಂಡು ಕೊಡುತ್ತೇವೆ. ಇದನ್ನೂ ಹಾಗೇ ಕೊಡಬೇಕು.

ಹಂತ 1: ಗ್ಯಾಸ್ ಬೇಕೇ ಎಂದು ಕೇಳಿ

ಎಲ್ಲ ಕೀಹೋಲ್ ಎದೆ ಆಪರೇಷನ್‌ಗೂ ಗ್ಯಾಸ್ ಬೇಕಿಲ್ಲ. ಡಬಲ್ ಲ್ಯೂಮೆನ್ ಟ್ಯೂಬ್ (ಎರಡು ಶ್ವಾಸಕೋಶಕ್ಕೂ ಬೇರೆ ಬೇರೆ ದಾರಿ, ಅಂದರೆ ಲ್ಯೂಮೆನ್, ಇರುವ ಉಸಿರಿನ ಕೊಳವೆ) ಸರಿಯಾಗಿ ಕೂತಿದ್ದರೆ, ಪೋರ್ಟ್ (ಉಪಕರಣ ತೂರಿಸಲು ಪಕ್ಕೆಯಲ್ಲಿ ಹಾಕುವ ಚಿಕ್ಕ ಕೊಳವೆ) ತೆರೆದ ತಕ್ಷಣ ಹೊರಗಿನ ಗಾಳಿ ಒಳಗೆ ಹೋಗಿ ಶ್ವಾಸಕೋಶ ತಾನಾಗಿ ಕುಗ್ಗುತ್ತದೆ. ಹತ್ತು ನಿಮಿಷ ಕಾಯುವ ತಾಳ್ಮೆ ಇದ್ದರೆ ಎಷ್ಟೋ ಕೇಸುಗಳಲ್ಲಿ ಅಷ್ಟೇ ಸಾಕು.

ಗ್ಯಾಸ್ ನಿಜವಾಗಿ ನೆರವಾಗುವ ಸಂದರ್ಭಗಳು ಬೇರೆ. ಡಬಲ್ ಲ್ಯೂಮೆನ್ ಟ್ಯೂಬ್ ಹಿಡಿಸದ ಸಣ್ಣ ಮಕ್ಕಳು. ಅಂಗೈ ಬೆವರಿಗೆ ಮಾಡುವ ಸಿಂಪಥೆಕ್ಟಮಿಯಂಥ (ಬೆವರಿನ ನರ ಕತ್ತರಿಸುವ) ಚಿಕ್ಕ ಆಪರೇಷನ್, ಅಲ್ಲಿ ಒಂದೇ ಲ್ಯೂಮೆನ್‌ನ ಟ್ಯೂಬ್ ಸಾಕಾಗುತ್ತದೆ. ಥೈಮಸ್ ಗ್ರಂಥಿ ತೆಗೆಯುವಾಗ ಗ್ಯಾಸ್ ಪದರಗಳನ್ನು ಬಿಡಿಸಿಕೊಡುತ್ತದೆ. ವಪೆಯ ಆಪರೇಷನ್‌ನಲ್ಲಿ ವಪೆಯನ್ನು ಕೆಳಗೆ ತಳ್ಳುತ್ತದೆ. ಅನ್ನನಾಳದ ಆಪರೇಷನ್ ಬೋರಲು ಮಲಗಿಸಿ ಮಾಡುವಾಗ, ರೋಬೋಟ್ ಬಳಸುವಾಗಲೂ ಉಪಯೋಗವಿದೆ.

ನಮ್ಮ ಕಡೆ ಜಾಸ್ತಿ ಬರುವ ಎದೆಯ ಕೀವಿನ ಕೇಸುಗಳಲ್ಲಿ, ಅದೂ ವಾರಗಟ್ಟಲೆ ಬಿಟ್ಟು ಬಂದವರಲ್ಲಿ, ಶ್ವಾಸಕೋಶ ಪಕ್ಕೆಗೆ ಗಟ್ಟಿಯಾಗಿ ಅಂಟಿರುತ್ತದೆ. ಅಲ್ಲಿ ಗ್ಯಾಸ್ ತಳ್ಳಲು ಜಾಗವೇ ಇರುವುದಿಲ್ಲ. ಸರ್ಜನ್ ಬೆರಳಿನಿಂದ, ಉಪಕರಣದಿಂದ ಬಿಡಿಸಲೇಬೇಕು. ಒತ್ತಡ ಏರಿಸಿ ಬಿಡಿಸಲು ಹೋಗಬಾರದು. ಇದರಲ್ಲಿ ನನಗೆ ರಾಜಿ ಇಲ್ಲ.

ಹೃದಯದ ಪಂಪಿಂಗ್ ತುಂಬಾ ಕಡಿಮೆ ಇರುವವರು, ಶ್ವಾಸಕೋಶದ ರಕ್ತನಾಳದ ಒತ್ತಡ ಹೆಚ್ಚಿರುವವರು, ರಕ್ತ ಕಳೆದುಕೊಂಡು ಬಂದವರು, ತಲೆಗೆ ಪೆಟ್ಟಾಗಿ ಮೆದುಳಿನ ಒತ್ತಡ ಏರಿರುವವರು: ಇವರಲ್ಲಿ ಗ್ಯಾಸ್ ಇಲ್ಲದೆ ಮಾಡುವ ದಾರಿಯನ್ನೇ ಮೊದಲು ನೋಡಿ.

ಹಂತ 2: ರೋಗಿಯನ್ನು ತಿಳಿದುಕೊಳ್ಳಿ

ದಾವಣಗೆರೆಯಲ್ಲಿ ಕೆಲಸದ ಬಗ್ಗೆ ಕೇಳದೆ ಶ್ವಾಸಕೋಶ ಅರ್ಥವಾಗುವುದಿಲ್ಲ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದವರು, ಹಿಂದೆ ಹತ್ತಿ ಮಿಲ್ಲಿನಲ್ಲಿ ಧೂಳು ಕುಡಿದವರು, ಹೊಳಲ್ಕೆರೆ, ಹೊಸದುರ್ಗ ಕಡೆ ಗಣಿಯಲ್ಲಿದ್ದವರು, ಜೊತೆಗೆ ಬೀಡಿ. ಇಂಥವರಿಗೆ ಗಾಳಿ ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಸ್ಪೈರೋಮೆಟ್ರಿ (ಊದಿಸಿ ನೋಡುವ ಉಸಿರಿನ ಪರೀಕ್ಷೆ) ಮಾಡಿಸಿ. ಅನುಮಾನ ಇದ್ದರೆ ಆಪರೇಷನ್‌ಗೆ ಮುಂಚೆಯೇ ಒಂದು ಎಬಿಜಿ (ಅಪಧಮನಿ ರಕ್ತದ ಗ್ಯಾಸ್ ಪರೀಕ್ಷೆ) ನೋಡಿ. ಕಾರ್ಬನ್ ಡೈ ಆಕ್ಸೈಡ್ ಆಗಲೇ 45 ಮಿ.ಮೀ. ದಾಟಿದ್ದರೆ ಗ್ಯಾಸಿನ ಹೊರೆ ಹೊರಲು ಆ ಶ್ವಾಸಕೋಶದಲ್ಲಿ ಜಾಗ ಕಡಿಮೆ. ಎಕೋ (ಹೃದಯದ ಸ್ಕ್ಯಾನ್) ಬೇಕು. ಎರಡು ಮಹಡಿ ಮೆಟ್ಟಿಲು ನಿಲ್ಲದೆ ಹತ್ತುತ್ತಾರಾ ಎಂದು ಕೇಳುವುದಕ್ಕೆ ಖರ್ಚಿಲ್ಲ, ಉತ್ತರದಿಂದ ತುಂಬಾ ತಿಳಿಯುತ್ತದೆ.

ಉಪವಾಸದ ವಿಷಯ. ಜಗಳೂರು, ಮೊಳಕಾಲ್ಮೂರು ಕಡೆಯಿಂದ ಬರುವವರು ಹಿಂದಿನ ದಿನ ಸಂಜೆ ಉಂಡು, ಮರುದಿನ ಮಧ್ಯಾಹ್ನದವರೆಗೂ ಒಂದು ಗುಟುಕು ನೀರಿಲ್ಲದೆ ಕಾಯುತ್ತಾರೆ. ಮೈಯಲ್ಲಿ ನೀರಿನಂಶ ಇಳಿದಿದ್ದರೆ ವೀನಾ ಕಾವಾ ಇನ್ನೂ ಸುಲಭವಾಗಿ ಅಮುಕಿಕೊಳ್ಳುತ್ತದೆ. ಬೇರೆ ತೊಂದರೆ ಇಲ್ಲದವರು ಅರಿವಳಿಕೆಗೆ 2 ಗಂಟೆ ಮುಂಚಿನವರೆಗೆ ನೀರು ಕುಡಿಯಬಹುದು. ವಾರ್ಡಿನ ಸಿಸ್ಟರ್ ಇದನ್ನು ರೋಗಿಗೆ ಗಡಿಯಾರ ತೋರಿಸಿ ಹೇಳಿದರೆ ಅರ್ಧ ಬಿಪಿ ಸಮಸ್ಯೆ ವಾರ್ಡಿನಲ್ಲೇ ಮುಗಿಯುತ್ತದೆ. ಹಾಗಂತ ಓಟಿಯಲ್ಲಿ ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಬೇಡಿ. ಶ್ವಾಸಕೋಶದ ಆಪರೇಷನ್‌ನಲ್ಲಿ ನೀರು ಹೆಚ್ಚಾದರೂ ಅಪಾಯ. ಗ್ಯಾಸ್‌ಗೆ ಮುಂಚೆ ಕೊರತೆ ಕಂಡರೆ 200ರಿಂದ 250 ಮಿ.ಲೀ. ಕೊಟ್ಟು ನೋಡಿ.

ಬಿಪಿ ಮಾತ್ರೆಗಳ ಚೀಟಿಯನ್ನು ಕಣ್ಣಾರೆ ನೋಡಿ. ಬೀಟಾ ಬ್ಲಾಕರ್ ಮುಂದುವರಿಸುತ್ತೇವೆ. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಗುಂಪಿನವನ್ನು ಸಾಮಾನ್ಯವಾಗಿ ಒಂದು ದಿನ ಮುಂಚೆ ನಿಲ್ಲಿಸುತ್ತೇವೆ. ಅವನ್ನು ಬೆಳಿಗ್ಗೆ ನುಂಗಿ ಬಂದವರಲ್ಲಿ ಬಿದ್ದ ಬಿಪಿ ಬೇಗ ಏಳುವುದಿಲ್ಲ.

ಹಂತ 3: ಮೆಷಿನ್ ಮತ್ತು ಸಿಲಿಂಡರ್

ಟೆಕ್ನಿಷಿಯನ್‌ಗಳೇ, ಈ ಭಾಗ ನಿಮ್ಮ ಕೈಯಲ್ಲಿದೆ.

ಬೆಳಿಗ್ಗೆ ಪಿತ್ತಕೋಶಕ್ಕೆ ಬಳಸಿದ ಅದೇ ಇನ್ಸಫ್ಲೇಟರ್ (ಗ್ಯಾಸ್ ತುಂಬುವ ಮೆಷಿನ್) ಮಧ್ಯಾಹ್ನ ಎದೆಯ ಕೇಸಿಗೆ ಬರುತ್ತದೆ. ಅದರಲ್ಲಿ ಒತ್ತಡ 14, ವೇಗ ನಿಮಿಷಕ್ಕೆ ಹತ್ತಾರು ಲೀಟರ್ ಎಂದು ಸೆಟ್ ಆಗಿಯೇ ಇರುತ್ತದೆ. ಅದನ್ನು ಹಾಗೇ ಆನ್ ಮಾಡಿದರೆ ಕೆಲವೇ ಸೆಕೆಂಡಿನಲ್ಲಿ ಹೃದಯ ಅಮುಕಿಕೊಳ್ಳುತ್ತದೆ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ರೋಗಿ ಟೇಬಲ್ ಮೇಲೆ ಬರುವ ಮುಂಚೆಯೇ ಒತ್ತಡ 4, ವೇಗ ನಿಮಿಷಕ್ಕೆ 1 ಲೀಟರ್ ಎಂದು ಬದಲಿಸಿ, ಆ ಎರಡೂ ಅಂಕಿಗಳನ್ನು ಜೋರಾಗಿ ಓದಿ ಹೇಳಿ. ಇನ್ನೊಬ್ಬರು ಪರದೆ ನೋಡಿ ಹೌದು ಎನ್ನಬೇಕು.

ಪೈಪನ್ನು ಕೈಯಲ್ಲಿ ಮಡಚಿ ಹಿಡಿದು ನೋಡಿ. ಒತ್ತಡ ಏರಿ, ಹರಿವು ಸೊನ್ನೆಗೆ ನಿಂತು, ಅಲಾರಂ ಕೂಗಬೇಕು. ಕೂಗದ ಮೆಷಿನ್ ಎದೆಯ ಕೇಸಿಗೆ ಬೇಡ. ಪೈಪನ್ನು ಪೋರ್ಟಿಗೆ ಜೋಡಿಸುವ ಮುಂಚೆ ಕೆಲವು ಸೆಕೆಂಡು ಗ್ಯಾಸ್ ಹರಿಸಿ ಒಳಗಿನ ಗಾಳಿಯನ್ನು ಹೊರಹಾಕಿ. ಪೈಪಿನಲ್ಲಿ ಉಳಿದ ಗಾಳಿ ರಕ್ತನಾಳ ಸೇರಿದರೆ ಕಾರ್ಬನ್ ಡೈ ಆಕ್ಸೈಡ್‌ನಷ್ಟು ಬೇಗ ಕರಗುವುದಿಲ್ಲ.

ಸಿಲಿಂಡರ್ ಬೂದು ಬಣ್ಣದ್ದು. ಆದರೆ ಬಣ್ಣ ನಂಬಿಕೊಳ್ಳಬೇಡಿ, ಲೇಬಲ್ ಓದಿ. ಈ ಗ್ಯಾಸ್ ಸಿಲಿಂಡರ್‌ನಲ್ಲಿ ದ್ರವವಾಗಿರುತ್ತದೆ. ದ್ರವ ಮುಗಿಯುವವರೆಗೂ ಗೇಜ್ ಹೆಚ್ಚುಕಮ್ಮಿ ಒಂದೇ ಅಂಕಿ ತೋರಿಸುತ್ತದೆ, 20 ಡಿಗ್ರಿಯಲ್ಲಿ ಸುಮಾರು 57 ಬಾರ್. ಮುಗಿದ ಮೇಲೆ ಸರ್ರನೆ ಇಳಿಯುತ್ತದೆ. ಎಷ್ಟು ಉಳಿದಿದೆ ಎಂದು ತೂಕದಿಂದ ಮಾತ್ರ ಸರಿಯಾಗಿ ತಿಳಿಯುತ್ತದೆ. ಇನ್ನೊಂದು ಸಂಗತಿ: 31 ಡಿಗ್ರಿ ದಾಟಿದರೆ ಎಷ್ಟೇ ಒತ್ತಡವಿದ್ದರೂ ಅದು ದ್ರವವಾಗಿ ಉಳಿಯುವುದಿಲ್ಲ, ಒಳಗಿನ ಒತ್ತಡ ಜೋರಾಗಿ ಏರುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲು ಗೊತ್ತಲ್ಲ. ಸಿಲಿಂಡರ್‌ಗಳನ್ನು ಹೊರಗೆ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಬೇಡಿ. ನೆರಳು, ಗಾಳಿ ಇರುವ ಕೋಣೆ ಬೇಕು.

ಹಂತ 4: ಮಾನಿಟರ್ ಮತ್ತು ಔಷಧಿ

ಇಸಿಜಿ, ಆಕ್ಸಿಜನ್ ಸ್ಯಾಚುರೇಷನ್, ಕ್ಯಾಪ್ನೋಗ್ರಾಫ್ (ಹೊರಬಿಡುವ ಉಸಿರಿನ ಕಾರ್ಬನ್ ಡೈ ಆಕ್ಸೈಡ್ ಅಳೆಯುವ ಮಾನಿಟರ್), ಉಸಿರಿನ ಒತ್ತಡ, ಮೈಯ ಬಿಸಿ ಎಲ್ಲ ಇದ್ದೇ ಇರುತ್ತವೆ. ಬಿಪಿ ವಿಷಯದಲ್ಲಿ ಮಾತ್ರ ಸ್ವಲ್ಪ ಹಟ ಮಾಡಿ. ತೋಳಿನ ಪಟ್ಟಿ ಐದು ನಿಮಿಷಕ್ಕೊಮ್ಮೆ ಉಬ್ಬಿದರೆ, ಎರಡು ಉಬ್ಬಿನ ನಡುವೆ ಬಿಪಿ ಬಿದ್ದು ಹೃದಯ ನಿಲ್ಲುವಷ್ಟು ಸಮಯ ಇರುತ್ತದೆ. ಆರ್ಟೀರಿಯಲ್ ಲೈನ್ (ಬಿಪಿಯನ್ನು ಕ್ಷಣಕ್ಷಣಕ್ಕೂ ತೋರಿಸಲು ಅಪಧಮನಿಗೆ ಹಾಕುವ ಸೂಜಿ) ಹಾಕಿ. ಹಾಕಲು ಆಗದ ಚಿಕ್ಕ ಕೇಸಿನಲ್ಲಿ ಮೊದಲ ಹತ್ತು ನಿಮಿಷ ಪಟ್ಟಿಯನ್ನು ಒಂದೊಂದು ನಿಮಿಷಕ್ಕೆ ಇಟ್ಟುಕೊಳ್ಳಿ.

ಸೆಂಟ್ರಲ್ ಲೈನ್ (ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆ) ಇದ್ದರೆ ಅದರ ಅಂಕಿಯನ್ನು ನಂಬಿ ಮೋಸ ಹೋಗಬೇಡಿ. ಗ್ಯಾಸ್ ಹೊರಗಿನಿಂದ ಒತ್ತುವಾಗ ಸಿವಿಪಿ (ಆ ರಕ್ತನಾಳದೊಳಗಿನ ಒತ್ತಡ) 14 ಎಂದು ತೋರಿಸಬಹುದು. ಹೃದಯ ತುಂಬಿದೆ ಎಂದು ಅದರ ಅರ್ಥವಲ್ಲ. ಹೊರಗಿನ ಒತ್ತಡ ಅಂಕಿಗೆ ಸೇರಿಕೊಂಡಿದೆ, ಒಳಗೆ ಹೃದಯ ಅರ್ಧ ಖಾಲಿ ಇರಬಹುದು.

ಬಡಿತ, ಬಿಪಿ ಏರಿಸುವ ಅಟ್ರೊಪಿನ್, ಮೆಫೆಂಟರ್ಮಿನ್, ಫೆನೈಲೆಫ್ರಿನ್, ಅಡ್ರಿನಲಿನ್ ಸಿರಿಂಜಿನಲ್ಲಿ ಎಳೆದು ಲೇಬಲ್ ಅಂಟಿಸಿ ಇಟ್ಟಿರಬೇಕು. ದಪ್ಪ ಸೂಜಿಯ ಐವಿ ಎರಡು. ರಕ್ತ ಕ್ರಾಸ್ ಮ್ಯಾಚ್ (ರೋಗಿಗೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಆಗಿರಲಿ.

ಹಂತ 5: ಟ್ಯೂಬ್

ರೋಗಿಯನ್ನು ಪಕ್ಕಕ್ಕೆ ತಿರುಗಿಸಿದ ಮೇಲೆ ಡಬಲ್ ಲ್ಯೂಮೆನ್ ಟ್ಯೂಬ್ ಜಾರುವುದು ಸಾಮಾನ್ಯ. ತಿರುಗಿಸಿದ ನಂತರ ಫೈಬರ್ ಆಪ್ಟಿಕ್ ಸ್ಕೋಪ್‌ನಲ್ಲಿ ಮತ್ತೆ ನೋಡಿ. ಅರಿವಳಿಕೆಯ ನೈಟ್ರಸ್ ಆಕ್ಸೈಡ್ ಬೇಡವೇ ಬೇಡ, ಅದು ಗ್ಯಾಸಿನ ಗುಳ್ಳೆಗಳನ್ನು ದೊಡ್ಡದು ಮಾಡುತ್ತದೆ. ಶ್ವಾಸಕೋಶ ಮಡಚುವ ಮುಂಚೆ ಕೆಲವು ನಿಮಿಷ 100 ಪ್ರತಿಶತ ಆಕ್ಸಿಜನ್ ಕೊಟ್ಟರೆ ಅದು ಬೇಗ ಕುಗ್ಗುತ್ತದೆ.

ಗ್ಯಾಸ್ ಆನ್ ಆಗುವ ಮುಂಚೆ ಆಪರೇಷನ್ ಕಡೆಯ ಲ್ಯೂಮೆನ್ ಹೊರಗಿನ ಗಾಳಿಗೆ ತೆರೆದಿರಬೇಕು. ಅದು ಮುಚ್ಚಿದ್ದರೆ ಶ್ವಾಸಕೋಶದೊಳಗಿನ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲ. ಹೊರಗಿನಿಂದ ಗ್ಯಾಸ್ ತಳ್ಳುತ್ತದೆ, ಒಳಗಿನ ಗಾಳಿ ತಡೆಯುತ್ತದೆ, ನಡುವೆ ಹೃದಯ ಸಿಕ್ಕಿಕೊಳ್ಳುತ್ತದೆ.

ಉಸಿರಾಡುವ ಶ್ವಾಸಕೋಶಕ್ಕೆ ಒಂದು ಉಸಿರಿಗೆ ಕೆಜಿಗೆ 4ರಿಂದ 6 ಮಿ.ಲೀ., ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಸುಮಾರು 5. ಕೆಜಿ ಎಂದರೆ ಎತ್ತರಕ್ಕೆ ತಕ್ಕ ಲೆಕ್ಕದ ತೂಕ, ತಕ್ಕಡಿಯ ತೂಕವಲ್ಲ.

ಹಂತ 6: ಗ್ಯಾಸ್ ಆನ್

ಇಲ್ಲಿ ನಿಧಾನವಾಗಿ ಹೋಗೋಣ.

ಮೊದಲ ಪೋರ್ಟ್ ಹಾಕುವಾಗ ವೆಂಟಿಲೇಟರ್ ಕ್ಷಣ ನಿಲ್ಲಿಸಿ. ಸರ್ಜನ್ ಚಿಕ್ಕ ಗಾಯ ಮಾಡಿ, ಬೆರಳು ತೂರಿಸಿ, ಸುತ್ತ ಒಮ್ಮೆ ಆಡಿಸಿ ಅಂಟು ಇದೆಯಾ ಎಂದು ನೋಡುವುದು ಕುರುಡಾಗಿ ಸೂಜಿ ಚುಚ್ಚುವುದಕ್ಕಿಂತ ಎಷ್ಟೋ ಮೇಲು. ಆಮೇಲೆ ಪೋರ್ಟ್, ಆಮೇಲೆ ಕ್ಯಾಮೆರಾ. ಕ್ಯಾಮೆರಾದಲ್ಲಿ ಶ್ವಾಸಕೋಶ, ಪಕ್ಕೆಯ ಒಳಮೈ ಕಾಣಿಸಿದ ಮೇಲೆ ಮಾತ್ರ ಗ್ಯಾಸ್. ಪೋರ್ಟಿನ ತುದಿ ಸ್ನಾಯುವಿನೊಳಗಿದ್ದರೆ ಗ್ಯಾಸ್ ಚರ್ಮದ ಕೆಳಗೆ ಹರಡುತ್ತದೆ. ಶ್ವಾಸಕೋಶದೊಳಗೇ ಚುಚ್ಚಿದ್ದರೆ ರಕ್ತನಾಳಕ್ಕೆ ನುಗ್ಗಬಹುದು.

ಈಗ ಮಾತು. ಸರ್ಜನ್ ‘ಗ್ಯಾಸ್ ಆನ್ ಮಾಡ್ಲಾ?’ ಎಂದು ಕೇಳಬೇಕು. ಅರಿವಳಿಕೆ ವೈದ್ಯರು ಆ ಹೊತ್ತಿನ ಬಿಪಿ, ಬಡಿತ ನೋಡಿ ‘ಮಾಡಿ ಸರ್, 4ಕ್ಕೆ’ ಎನ್ನಬೇಕು. ಸಿಸ್ಟರ್ ಸಮಯ ಬರೆದುಕೊಳ್ಳಬೇಕು. ದೊಡ್ಡ ಸರ್ಜನ್ ಎದುರು ಜೂನಿಯರ್‌ಗಳು ಬಾಯಿ ಬಿಡಲು ಹಿಂಜರಿಯುವುದು ನಮ್ಮಲ್ಲಿ ಇದೆ. ಈ ಒಂದು ವಿಷಯದಲ್ಲಿ ಹಿಂಜರಿಕೆ ಬೇಡ. ಟೇಬಲ್ ಬಳಿ ನಿಂತ ಯಾರು ಬೇಕಾದರೂ ‘ಸರ್, ಬಿಪಿ ಬೀಳ್ತಿದೆ, ಗ್ಯಾಸ್ ಆಫ್’ ಎನ್ನಬಹುದು ಎಂದು ಕೇಸ್ ಶುರುವಾಗುವ ಮುಂಚೆ ಸರ್ಜನ್ ಬಾಯಿಂದಲೇ ಹೇಳಿಸಿ.

ವೇಗ ನಿಮಿಷಕ್ಕೆ 1 ಲೀಟರ್, ಒತ್ತಡ 4. ಎರಡು ನಿಮಿಷ ಏನೂ ಮಾಡದೆ ನೋಡಿ. ಬಿಪಿ ಮೊದಲಿನದಕ್ಕಿಂತ 20 ಪ್ರತಿಶತದೊಳಗೆ ಇಳಿದು ನಿಂತರೆ ಮುಂದುವರಿಯಬಹುದು. 5ಕ್ಕೆ ಏರಿಸಿ, ಮತ್ತೆ ನೋಡಿ. ಬೇಕಾದರೆ 6. ಹೆಚ್ಚಿನ ಆಪರೇಷನ್‌ಗಳು 5ರಿಂದ 8ರ ನಡುವೆ ಆರಾಮಾಗಿ ಮುಗಿಯುತ್ತವೆ. 10 ದಾಟಲು ನಾನು ಒಪ್ಪುವುದಿಲ್ಲ. 1990ರ ದಶಕದಲ್ಲಿ ಹಂದಿಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ 5 ಮಿ.ಮೀ.ನಲ್ಲೇ ಹೃದಯದ ಕೆಲಸ ಕುಗ್ಗಿತ್ತು. ಮನುಷ್ಯರಲ್ಲಿ ನಿಧಾನವಾಗಿ ಏರಿಸಿದಾಗ ಕಡಿಮೆ ಒತ್ತಡವನ್ನು ಹೆಚ್ಚಿನವರು ತಾಳಿಕೊಳ್ಳುತ್ತಾರೆ ಎಂದು ಆಮೇಲೆ ಕಂಡುಬಂತು. ಆ ಎಲ್ಲ ಸಮಾಧಾನದ ಮಾತು ನಿಂತಿರುವುದು ‘ನಿಧಾನವಾಗಿ’ ಮತ್ತು ‘ಕಡಿಮೆ’ ಎಂಬ ಷರತ್ತುಗಳ ಮೇಲೆ.

ಶ್ವಾಸಕೋಶ ಒಮ್ಮೆ ಪೂರ್ತಿ ಕುಗ್ಗಿದ ಮೇಲೆ ಒತ್ತಡ ಇಳಿಸಬಹುದಾ ಎಂದು ಕೇಳಿ. ತಳ್ಳಿ ಕುಗ್ಗಿಸಲು 8 ಬೇಕಾಗಿದ್ದರೂ, ಕುಗ್ಗಿದ್ದನ್ನು ಹಾಗೇ ಇಡಲು 4 ಅಥವಾ 5 ಎಷ್ಟೋ ಸಲ ಸಾಕು. ಈ ಪ್ರಶ್ನೆಯನ್ನು ಓಟಿಯಲ್ಲಿ ಯಾರೂ ಕೇಳದೆ ಬಿಟ್ಟುಬಿಡುತ್ತೇವೆ.

ಹಂತ 7: ನಡುವಿನ ಹೊತ್ತು

ಎಂಡ್ ಟೈಡಲ್ ಅಂಕಿ (ಉಸಿರು ಬಿಡುವ ಕೊನೆಯಲ್ಲಿ ಕ್ಯಾಪ್ನೋಗ್ರಾಫ್ ತೋರಿಸುವ ಕಾರ್ಬನ್ ಡೈ ಆಕ್ಸೈಡ್) ಮೆಲ್ಲಗೆ ಏರುತ್ತದೆ. ಉಸಿರಿನ ಸಂಖ್ಯೆ ಸ್ವಲ್ಪ ಹೆಚ್ಚಿಸಿ. ಆದರೆ ಮಂಡಕ್ಕಿ ಭಟ್ಟಿಯ ಆ ಶ್ವಾಸಕೋಶ ನೆನಪಿದೆಯಲ್ಲ? ಅದಕ್ಕೆ ಗಾಳಿ ಹೊರಬಿಡಲು ಸಮಯ ಬೇಕು. ಉಸಿರು ಜಾಸ್ತಿ ಬೇಗ ಕೊಟ್ಟರೆ ಗಾಳಿ ಒಳಗೇ ಸಿಕ್ಕಿಕೊಂಡು ಹೃದಯವನ್ನು ಇನ್ನೊಂದು ಕಡೆಯಿಂದ ಒತ್ತುತ್ತದೆ. ಅಂಥವರಲ್ಲಿ ಕಾರ್ಬನ್ ಡೈ ಆಕ್ಸೈಡ್ ಸ್ವಲ್ಪ ಹೆಚ್ಚೇ ಇರಲಿ ಎಂದು ಬಿಡುವುದು ಲೇಸು. ಹೃದಯ ಚೆನ್ನಾಗಿದ್ದು ಪಿಎಚ್ (ರಕ್ತದ ಆಮ್ಲೀಯತೆಯ ಅಳತೆ) 7.25ರ ಮೇಲಿದ್ದರೆ ರಕ್ತದಲ್ಲಿ 55, 60ರವರೆಗೆ ಹೆಚ್ಚಿನವರು ತಾಳುತ್ತಾರೆ.

ಕ್ಯಾಪ್ನೋಗ್ರಾಫ್ ಅಂಕಿಯೊಂದನ್ನೇ ನಂಬಿ ಕೂರಬೇಡಿ. ಆರೋಗ್ಯವಂತರಲ್ಲಿ ರಕ್ತದ ಅಂಕಿಗೂ ಅದಕ್ಕೂ 3ರಿಂದ 5ರ ಅಂತರ. ಒಂದೇ ಶ್ವಾಸಕೋಶ ನಡೆಯುವಾಗ ಅದು 10 ದಾಟಬಹುದು. ಗ್ಯಾಸ್ ಆನ್ ಆಗಿ ಅರ್ಧ ಗಂಟೆಗೆ ಒಂದು ಎಬಿಜಿ ಕಳಿಸಿ. ಪಿಎಚ್ 7.2ರ ಕೆಳಗೆ ಇಳಿದರೆ ಗ್ಯಾಸ್ ಹೊರಬಿಟ್ಟು, ಆಗುವುದಾದರೆ ಎರಡೂ ಶ್ವಾಸಕೋಶಕ್ಕೆ ಸ್ವಲ್ಪ ಹೊತ್ತು ಉಸಿರು ಕೊಡಿ.

ಸಕ್ಷನ್ (ರಕ್ತ, ದ್ರವ ಹೀರುವ ಪೈಪ್) ಬಗ್ಗೆಯೂ ಗಮನ ಇರಲಿ. ಸರ್ಜನ್ ಜೋರಾಗಿ ಸಕ್ಷನ್ ಹಾಕಿದಾಗ ಒಳಗಿನ ಒತ್ತಡ ಥಟ್ಟನೆ ಇಳಿಯುತ್ತದೆ, ಅದನ್ನು ತುಂಬಲು ಮೆಷಿನ್ ಒಮ್ಮೆಲೇ ಗ್ಯಾಸ್ ನುಗ್ಗಿಸುತ್ತದೆ. ವೇಗದ ಮಿತಿ ಕಡಿಮೆ ಇಟ್ಟಿದ್ದರೆ ಈ ಜಗ್ಗಾಟ ತಪ್ಪುತ್ತದೆ.

ಹಂತ 8: ಬಿಪಿ ಬಿದ್ದಾಗ

ಮೊದಲು ಗ್ಯಾಸ್ ಆಫ್. ಪೋರ್ಟಿನ ವಾಲ್ವ್ ತೆರೆದು ಒಳಗಿನ ಗ್ಯಾಸ್ ಹೊರಬಿಡಿ. ಔಷಧಿ ಆಮೇಲೆ. ಈ ಕ್ರಮ ಹಿಂದುಮುಂದಾಗಬಾರದು. ಮೆಷಿನ್ ಆಫ್ ಮಾಡಿ ವಾಲ್ವ್ ಮುಚ್ಚಿದ್ದರೆ ಏನೂ ಪ್ರಯೋಜನವಿಲ್ಲ, ಗ್ಯಾಸ್ ಒಳಗೇ ಕೂತಿರುತ್ತದೆ. ಜೊತೆಗೆ ಆಕ್ಸಿಜನ್ 100 ಪ್ರತಿಶತ ಮಾಡಿ. ಆಮೇಲೆ ಮಾನಿಟರ್ ಓದಿ.

ಗ್ಯಾಸ್ ಹೊರಬಿಟ್ಟ ಒಂದು ನಿಮಿಷದೊಳಗೆ ಬಿಪಿ ಏರಿದರೆ ಕಾರಣ ಒತ್ತಡವೇ. ಸ್ವಲ್ಪ ಸಲೈನ್ ಕೊಟ್ಟು, ಮೊದಲಿಗಿಂತ ಕಡಿಮೆ ಒತ್ತಡದಲ್ಲಿ ಮತ್ತೆ ಶುರು ಮಾಡಬಹುದು. ಎರಡನೇ ಸಲವೂ ಬಿದ್ದರೆ ಆ ರೋಗಿಗೆ ಗ್ಯಾಸ್ ಬೇಡ.

ಬಡಿತ 40ಕ್ಕೆ ಇಳಿದರೆ ಎದೆಯ ಒಳಪದರ ಎಳೆದುಕೊಂಡು, ಬಡಿತ ನಿಧಾನಿಸುವ ವೇಗಸ್ ನರ ಕೆರಳಿದೆ. ಗ್ಯಾಸ್ ಹೊರಬಿಟ್ಟರೆ ಹೆಚ್ಚಾಗಿ ಸರಿಹೋಗುತ್ತದೆ, ಇಲ್ಲದಿದ್ದರೆ ಅಟ್ರೊಪಿನ್ 0.6 ಮಿ.ಗ್ರಾಂ.

ಎಂಡ್ ಟೈಡಲ್ ಗೆರೆ ಥಟ್ಟನೆ ಕುಸಿದು, ಸ್ಯಾಚುರೇಷನ್ ಮತ್ತು ಬಿಪಿ ಎರಡೂ ಜೊತೆಯಲ್ಲಿ ಬಿದ್ದರೆ ಗ್ಯಾಸ್ ರಕ್ತನಾಳಕ್ಕೆ ಹೋಗಿದೆ ಎಂದೇ ತಿಳಿದು ನಡೆಯಿರಿ. ಸರ್ಜನ್ ಆಪರೇಷನ್ ಜಾಗಕ್ಕೆ ಸಲೈನ್ ಸುರಿದು ತೆರೆದ ರಕ್ತನಾಳ ಮುಚ್ಚಬೇಕು. ತಲೆ ಕೆಳಗೆ, ಎಡಮಗ್ಗುಲು ಮಾಡಬೇಕು ಎಂದು ಪುಸ್ತಕ ಹೇಳುತ್ತದೆ. ಬಲಗಡೆ ಆಪರೇಷನ್ ಆಗುತ್ತಿದ್ದರೆ ರೋಗಿ ಆಗಲೇ ಎಡಮಗ್ಗುಲಲ್ಲಿದ್ದಾರೆ, ಟೇಬಲ್ ತಲೆ ಇಳಿಸಿದರೆ ಆಯಿತು. ಎಡಗಡೆ ಆಪರೇಷನ್ ಆಗಿದ್ದರೆ ಮಗ್ಗುಲು ಬದಲಿಸಲು ಸಮಯ ಹಾಳು ಮಾಡಬೇಡಿ. ಸೆಂಟ್ರಲ್ ಲೈನ್ ಇದ್ದರೆ ಅದರಿಂದ ಗುಳ್ಳೆ ಎಳೆಯಲು ನೋಡಿ. ನಾಡಿ ಸಿಗದಿದ್ದರೆ ಸಿಪಿಆರ್ ತಕ್ಷಣ, ಇದ್ದ ಮಗ್ಗುಲಲ್ಲೇ ಶುರು ಮಾಡಿ. ಅಂಗಾತ ಮಾಡಿಕೊಳ್ಳುವುದು ಅದರ ಜೊತೆಜೊತೆಗೆ ಆಗಲಿ.

ಗ್ಯಾಸ್ ಹೊರಬಿಟ್ಟರೂ ಬಿಪಿ ಏರದೆ, ಉಸಿರಿನ ಒತ್ತಡ ಏರುತ್ತಲೇ ಹೋದರೆ ಎರಡು ಅನುಮಾನ. ಟ್ಯೂಬ್ ಜಾರಿರಬಹುದು, ಅಥವಾ ಇನ್ನೊಂದು ಕಡೆಯ ಎದೆಯಲ್ಲಿ ಗಾಳಿ ತುಂಬಿರಬಹುದು. ಥೈಮಸ್, ಅನ್ನನಾಳದ ಆಪರೇಷನ್‌ಗಳಲ್ಲಿ ಆಚೆ ಕಡೆಯ ಪದರ ಗೊತ್ತಿಲ್ಲದೆ ಹರಿಯುತ್ತದೆ. ಸರ್ಜನ್ ಆ ರಂಧ್ರವನ್ನು ಒಳಗಿನಿಂದ ದೊಡ್ಡದು ಮಾಡಿದರೆ ಸಿಕ್ಕಿಕೊಂಡ ಗ್ಯಾಸ್ ಹೊರಗೆ ಬರುತ್ತದೆ. ಇದು ಮೊದಲು ಕೇಳಿದಾಗ ವಿಚಿತ್ರ ಅನ್ನಿಸಬಹುದು, ಆದರೆ ಚಿಕ್ಕ ತೂತಿಗಿಂತ ದೊಡ್ಡ ತೂತು ಇಲ್ಲಿ ಸುರಕ್ಷಿತ.

ನಮ್ಮ ಜಿಲ್ಲೆಗಳಿಗೆ ಬೇಕಾದ ಇನ್ನೊಂದು ಮಾತು. ಚಳ್ಳಕೆರೆ, ಹಿರಿಯೂರು ಸೀಮೆಯಲ್ಲಿ ಕುರಿ, ನಾಯಿಗಳ ಜೊತೆ ಬದುಕುವವರಿಗೆ ಶ್ವಾಸಕೋಶದಲ್ಲಿ ಹೈಡಾಟಿಡ್ ಸಿಸ್ಟ್ (ನಾಯಿಯ ಲಾಡಿಹುಳದಿಂದ ಆಗುವ, ನೀರು ತುಂಬಿದ ಗಂಟು) ಬರಬಹುದು. ಅದನ್ನು ತೆಗೆಯುವಾಗ ಒಳಗಿನ ನೀರು ಸೋರಿದರೆ ತೀವ್ರ ಅಲರ್ಜಿ ಆಗಿಯೂ ಬಿಪಿ ಬೀಳುತ್ತದೆ. ಗ್ಯಾಸ್ ಹೊರಬಿಟ್ಟ ಮೇಲೂ ಬಿಪಿ ಏಳದೆ, ಮೈಮೇಲೆ ದದ್ದು ಎದ್ದು, ಉಸಿರುನಾಳ ಬಿಗಿದರೆ ಬೇಕಾದದ್ದು ಅಡ್ರಿನಲಿನ್. ವಯಸ್ಕರಿಗೆ ಐವಿ ಮೂಲಕ 50 ಮೈಕ್ರೋಗ್ರಾಂ, ಅಗತ್ಯವಿದ್ದರೆ ಮತ್ತೆ. ಇಂಥ ಕೇಸಿನಲ್ಲಿ ಎರಡೂ ಸಾಧ್ಯತೆಯನ್ನು ಮೊದಲೇ ಬಾಯಿಬಿಟ್ಟು ಹೇಳಿಕೊಂಡಿರಿ.

ಎಂಡ್ ಟೈಡಲ್ ಮಾತ್ರ ಏರುತ್ತಲೇ ಇದ್ದು, ಬೇರೆಲ್ಲ ಸರಿಯಿದ್ದರೆ ಕುತ್ತಿಗೆ ಮುಟ್ಟಿ ನೋಡಿ. ಬೆರಳಿಗೆ ಚರಚರ ಎಂದರೆ ಗ್ಯಾಸ್ ಚರ್ಮದಡಿ ಹರಡಿದೆ. ಒತ್ತಡ ಇಳಿಸಿ, ಪೋರ್ಟ್ ಸರಿಪಡಿಸಿ.

ಹಂತ 9: ಮುಗಿಸುವಾಗ

ಗ್ಯಾಸಿನ ಒತ್ತಡ ಸಣ್ಣ ರಕ್ತನಾಳಗಳನ್ನು ಅಮುಕಿ ರಕ್ತಸ್ರಾವ ಮುಚ್ಚಿಡುತ್ತದೆ. ಹೊಲಿಯುವ ಮುಂಚೆ ಗ್ಯಾಸ್ ಪೂರ್ತಿ ಹೊರಬಿಟ್ಟು, ಸೊನ್ನೆ ಒತ್ತಡದಲ್ಲಿ ಕೆಲವು ನಿಮಿಷ ಒಳಗೆ ನೋಡಿ. ಆಮೇಲೆ ಎಲ್ಲ ಪೋರ್ಟ್ ತೆರೆದಿಟ್ಟು, ಕ್ಯಾಮೆರಾದಲ್ಲಿ ನೋಡುತ್ತಾ ಶ್ವಾಸಕೋಶವನ್ನು ಮೆಲ್ಲಗೆ ಉಬ್ಬಿಸಿ. ತುಂಬಾ ದಿನ ಕುಗ್ಗಿದ್ದ ಶ್ವಾಸಕೋಶವನ್ನು ಒಮ್ಮೆಲೇ ಉಬ್ಬಿಸಿದರೆ ಅದರಲ್ಲಿ ನೀರು ತುಂಬಿಕೊಳ್ಳಬಹುದು.

ಟ್ಯೂಬ್ ತೆಗೆಯುವ ಮುಂಚೆ ಕುತ್ತಿಗೆ ಮತ್ತೆ ಮುಟ್ಟಿ ನೋಡಿ. ಚರ್ಮದಡಿ ಗ್ಯಾಸ್ ಇದ್ದರೆ ಅದು ಇನ್ನೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅದು ಇಳಿಯುವವರೆಗೆ ವೆಂಟಿಲೇಟರ್ ಮೇಲೇ ಇರಲಿ. ನೋವಿಗೆ ಪ್ಯಾರಾವರ್ಟೆಬ್ರಲ್ ಬ್ಲಾಕ್ ಅಥವಾ ಇರೆಕ್ಟರ್ ಸ್ಪೈನೆ ಬ್ಲಾಕ್ (ಬೆನ್ನಿನ ಬಳಿ ನರ ಮರಗಟ್ಟಿಸುವ ಇಂಜೆಕ್ಷನ್) ಕೊಟ್ಟಿದ್ದರೆ ರೋಗಿ ಆಳವಾಗಿ ಉಸಿರಾಡಿ ತಾನೇ ಗ್ಯಾಸ್ ಹೊರಹಾಕುತ್ತಾರೆ.

ಮಕ್ಕಳಲ್ಲಿ

ಒತ್ತಡ 4ರಿಂದ 6, ವೇಗ ನಿಮಿಷಕ್ಕೆ ಅರ್ಧದಿಂದ 1 ಲೀಟರ್. ಮಗುವಿನ ಮೈಗೆ ಹೋಲಿಸಿದರೆ ಗ್ಯಾಸ್ ಹೀರಿಕೊಳ್ಳುವ ಜಾಗ ದೊಡ್ಡದು, ಹಾಗಾಗಿ ಕಾರ್ಬನ್ ಡೈ ಆಕ್ಸೈಡ್ ಬೇಗ ಏರುತ್ತದೆ. ತಣ್ಣನೆಯ ಒಣ ಗ್ಯಾಸ್ ಮೈ ತಣ್ಣಗಾಗಿಸುತ್ತದೆ. ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರು ಮತ್ತು ಮಕ್ಕಳ ಐಸಿಯು ಇಲ್ಲದ ಕಡೆ ಇದನ್ನು ಮಾಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಾರ್ಡಿನಲ್ಲಿ, ಮತ್ತು ಮನೆಯವರಿಗೆ

ಸಿಸ್ಟರ್‌ಗಳಿಗೆ ಮೊದಲು. ಆಕ್ಸಿಜನ್ ಮಾಸ್ಕ್ ಹಾಕಿಕೊಂಡ ರೋಗಿಯ ಸ್ಯಾಚುರೇಷನ್ 98 ಇದ್ದರೂ ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ 80 ಇರಬಹುದು. ಬೆರಳಿನ ಕ್ಲಿಪ್ ಅದನ್ನು ತೋರಿಸುವುದಿಲ್ಲ. ರೋಗಿ ಜಾಸ್ತಿ ಮಂಪರಿನಲ್ಲಿದ್ದರೆ, ಕರೆದರೆ ತಡವಾಗಿ ಓಗೊಟ್ಟರೆ, ಉಸಿರು ನಿಧಾನವಾದರೆ, ಅಂಗೈ ಬಿಸಿಯಾಗಿ ಬೆವರಿದ್ದರೆ ಅರಿವಳಿಕೆ ವೈದ್ಯರನ್ನು ಕರೆಯಿರಿ. ಆಪರೇಷನ್ ಸುಸ್ತು ಎಂದು ಮಲಗಲು ಬಿಡಬೇಡಿ.

ಮನೆಯವರೇ, ಆಪರೇಷನ್‌ಗೆ ಮುಂಚೆ ನಿಮ್ಮಿಂದ ವೈದ್ಯರಿಗೆ ಬೇಕಾದದ್ದು ಇಷ್ಟು: ಅಪ್ಪ ಅಥವಾ ಅಮ್ಮ ಎಲ್ಲಿ ದುಡಿದರು, ಎಷ್ಟು ವರ್ಷ ಹೊಗೆ ಧೂಳಿನಲ್ಲಿದ್ದರು, ಬೀಡಿ ಎಷ್ಟು, ರಾತ್ರಿ ಮಲಗಿದರೆ ದಮ್ಮು ಬರುತ್ತಾ, ಯಾವ ಮಾತ್ರೆ ನುಂಗುತ್ತಾರೆ. ಮುಚ್ಚಿಡಬೇಡಿ. ವೈದ್ಯರನ್ನು ನೀವೂ ಕೇಳಬಹುದು: ಗ್ಯಾಸ್ ಬಳಸ್ತೀರಾ ಸರ್? ಆಗದಿದ್ದರೆ ದೊಡ್ಡ ಗಾಯ ಮಾಡಬೇಕಾಗುತ್ತಾ? ಆಮೇಲೆ ಐಸಿಯು ಬೆಡ್ ಇದೆಯಾ? ನಡುವೆ ಕೀಹೋಲ್ ಬಿಟ್ಟು ಎದೆ ತೆರೆದರು ಎಂದರೆ ಆಪರೇಷನ್ ಕೆಟ್ಟಿತು ಎಂದಲ್ಲ. ಗ್ಯಾಸ್ ತಾಳದ ರೋಗಿಗೆ ಎಷ್ಟೋ ಸಲ ಅದೇ ಸರಿಯಾದ ದಾರಿ.

ಮನೆಗೆ ಬಂದ ಮೇಲೆ ಕುತ್ತಿಗೆ, ಎದೆಯ ಚರ್ಮ ಮುಟ್ಟಿದರೆ ಚರಚರ ಅನ್ನುವುದು ಹೊಸದಾಗಿ ಶುರುವಾದರೆ, ಮುಖ ಊದಿದರೆ, ದಮ್ಮು ಹೆಚ್ಚಿದರೆ ಬೆಳಗಾಗುವವರೆಗೆ ಕಾಯಬೇಡಿ. ಆಪರೇಷನ್‌ಗೆ ಬಳಸಿದ ಗ್ಯಾಸ್ ಅಷ್ಟು ಹೊತ್ತಿಗೆ ಕರಗಿ ಹೋಗಿರುತ್ತದೆ. ಈಗ ಕಾಣುತ್ತಿರುವುದು ಶ್ವಾಸಕೋಶದಿಂದ ಸೋರುತ್ತಿರುವ ಗಾಳಿ ಇರಬಹುದು. 108ಕ್ಕೆ ಕರೆ ಮಾಡಿ, ಡಿಸ್ಚಾರ್ಜ್ ಚೀಟಿ ಕೈಯಲ್ಲಿ ಹಿಡಿದು ಹೊರಡಿ.